ಮನೆ ಅಕ್ವೇರಿಯಂ ನೀರಿನ ಪಿಎಚ್ ನಿಭಾಯಿಸುವುದು ಹೇಗೆ? ಮೊದಲು ಕೆಎಚ್ ನೋಡಿ

ಹೊಸದಾಗಿ ಮೀನು ಸಾಕುವವರು ಮೊದಲು ಕೊಳ್ಳುವ ಟೆಸ್ಟ್ ಕಿಟ್ ಹೆಚ್ಚಾಗಿ ಪಿಎಚ್ ಕಿಟ್ಟೇ ಆಗಿರುತ್ತದೆ. ನೀರಿಗೆ ಮೂರು ಹನಿ ಬಿಟ್ಟು, ಬಣ್ಣ ನೋಡಿ, 7.8 ಅಂತ ಬಂದ ಕೂಡಲೇ ಗಾಬರಿ ಶುರು. ಯಾಕೆಂದರೆ ಮೀನಿನ ಚಾರ್ಟ್‌ನಲ್ಲಿ 6.5 ಅಂತ ಬರೆದಿದೆ. ಪಿಎಚ್ ಇಳಿಸುವ ಬಾಟಲಿ ತಂದು ಒಂದು ಮುಚ್ಚಳ ಸುರಿಯುತ್ತಾರೆ, ಸಂಜೆಗೆ 6.8 ಆಗುತ್ತದೆ, ಖುಷಿಯಾಗುತ್ತದೆ, ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ 7.6. ಮತ್ತೊಂದು ಮುಚ್ಚಳ. ಹೀಗೆ ವಾರವಿಡೀ ಮೇಲೆ ಕೆಳಗೆ ಆಡಿದ ನೀರಿನಲ್ಲಿ ಮೀನು ಸುಸ್ತಾಗಿ ಸಾಯುತ್ತದೆ. ಅದೇ 7.8ರಲ್ಲಿ ಸುಮ್ನೆ ಬಿಟ್ಟಿದ್ದರೆ ಆ ಮೀನು ಬಹುಶಃ ಚೆನ್ನಾಗಿಯೇ ಇರುತ್ತಿತ್ತು.

ಮೀನಿಗೆ ಬೇಕಾಗಿರುವುದು ನಿಂತ ನೀರಿನಂಥ ಸ್ಥಿರತೆ. ಆ ಸ್ಥಿರತೆಯನ್ನು ಕೊಡುವುದು ಕೆಎಚ್, ಅಂದರೆ ನೀರಿನಲ್ಲಿ ಕರಗಿದ್ದು ಆಮ್ಲವನ್ನು ತಟಸ್ಥ ಮಾಡುವ ಕಾರ್ಬೊನೇಟ್‌ಗಳ ಪ್ರಮಾಣ. ಪಿಎಚ್ ಕಿಟ್ ಕೊಳ್ಳುವ ದಿನವೇ ಕೆಎಚ್ ಕಿಟ್ಟನ್ನೂ ಕೊಳ್ಳಿ ಅನ್ನುವುದು ನನ್ನ ಮೊದಲ ಮಾತು, ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಪಿಎಚ್, ಕೆಎಚ್, ಜಿಎಚ್: ಇಷ್ಟು ಗೊತ್ತಿದ್ದರೆ ಸಾಕು

ಪಿಎಚ್ ಅನ್ನುವುದು ನೀರು ಎಷ್ಟು ಆಮ್ಲೀಯ ಅಥವಾ ಎಷ್ಟು ಕ್ಷಾರೀಯ ಅಂತ ಹೇಳುವ ಅಳತೆ. 7 ಅಂದರೆ ತಟಸ್ಥ. ಅದರ ಕೆಳಗೆ ಆಮ್ಲ, ಮೇಲೆ ಕ್ಷಾರ. ಡೆನ್ಮಾರ್ಕ್‌ನ ರಸಾಯನ ವಿಜ್ಞಾನಿ ಸೋರೆನ್ಸನ್ 1909ರಲ್ಲಿ ಈ ಅಳತೆ ತಂದಾಗ ಅದನ್ನು ಹತ್ತರ ಪಟ್ಟಿನಲ್ಲಿ ಕಟ್ಟಿದರು. ಹಾಗಾಗಿ 7ರಿಂದ 6ಕ್ಕೆ ಬಂದರೆ ಆಮ್ಲೀಯತೆ ಹತ್ತು ಪಟ್ಟು ಜಾಸ್ತಿ, 5ಕ್ಕೆ ಬಂದರೆ ನೂರು ಪಟ್ಟು. ಕಾಗದದ ಮೇಲೆ 'ಒಂದೇ ಅಂಕಿ' ಅನ್ನಿಸಿದ್ದು ಮೀನಿನ ಮೈಗೆ ಭಾರೀ ವ್ಯತ್ಯಾಸ.

ಕೆಎಚ್ ಅಂದರೆ ನೀರಿನಲ್ಲಿ ಕರಗಿರುವ ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್‌ಗಳ ಲೆಕ್ಕ. ಇದನ್ನು ಡಿಗ್ರಿಯಲ್ಲಿ ಹೇಳುತ್ತಾರೆ. 1 ಡಿಗ್ರಿ ಅಂದರೆ ಸುಮಾರು 17.9 ಪಿಪಿಎಂ (ಲೀಟರಿಗೆ ಮಿಲಿಗ್ರಾಂ). ಜಿಎಚ್ ಬೇರೆ, ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಲೆಕ್ಕ. ಪಿಎಚ್ ಹಿಡಿದಿಡುವ ವಿಷಯದಲ್ಲಿ ಜಿಎಚ್‌ಗೆ ನೇರ ಪಾತ್ರವಿಲ್ಲ, ಆದರೆ ಮೀನಿನ ಆರೋಗ್ಯಕ್ಕೆ, ಸಿಗಡಿ ಪೊರೆ ಬಿಡುವುದಕ್ಕೆ ಬೇಕು.

ಟ್ಯಾಂಕಿನೊಳಗೆ ದಿನವೂ ಆಮ್ಲ ಹುಟ್ಟುತ್ತಿರುತ್ತದೆ. ಮೀನಿನ ಹಿಕ್ಕೆ ಮತ್ತು ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಬರುತ್ತದೆ, ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ, ಆ ಕೆಲಸದಲ್ಲಿ ಆಮ್ಲ ಬಿಡುಗಡೆಯಾಗುತ್ತದೆ. ಕೆಎಚ್ ಅದನ್ನು ತಟಸ್ಥ ಮಾಡುತ್ತಾ ತಾನು ಖರ್ಚಾಗುತ್ತದೆ. ಇದು ಬ್ಯಾಂಕಿನಲ್ಲಿಟ್ಟ ಉಳಿತಾಯದ ಹಾಗೆ: ದುಡ್ಡು ಇರುವವರೆಗೆ ಮನೆ ಖರ್ಚು ನಡೆದದ್ದೇ ಗೊತ್ತಾಗುವುದಿಲ್ಲ, ಖಾಲಿಯಾದ ದಿನ ಎಲ್ಲಾ ಒಟ್ಟಿಗೆ ಗೊತ್ತಾಗುತ್ತದೆ. ತಿಂಗಳುಗಟ್ಟಲೆ 7.2 ತೋರಿಸಿದ ಟ್ಯಾಂಕ್ ಒಂದು ವಾರದಲ್ಲಿ 5.8ಕ್ಕೆ ಬೀಳುವುದು ಇದೇ ಕಾರಣಕ್ಕೆ.

ಲೆಕ್ಕ ಬೇಕಾದವರಿಗೆ: ಬ್ಯಾಕ್ಟೀರಿಯಾದ ಈ ಕೆಲಸದಿಂದ ನೈಟ್ರೇಟ್ ಸುಮಾರು 11 ಪಿಪಿಎಂ ಏರಿದರೆ ಕೆಎಚ್ ಒಂದು ಡಿಗ್ರಿ ಖರ್ಚಾಗಿರುತ್ತದೆ. ನೈಟ್ರೇಟ್ 40 ಮುಟ್ಟಿದೆ ಅಂದರೆ ಮೂರೂವರೆ ಡಿಗ್ರಿ ಹೋಯಿತು. ಗಿಡ ಜಾಸ್ತಿ ಇರುವ ಟ್ಯಾಂಕಿನಲ್ಲಿ ಈ ಲೆಕ್ಕ ಸ್ವಲ್ಪ ತಪ್ಪುತ್ತದೆ, ಗಿಡ ನೈಟ್ರೇಟ್ ಹೀರುವಾಗ ಒಂದಿಷ್ಟು ವಾಪಸ್ ಕೊಡುತ್ತದೆ. ಆದರೂ ಅಂದಾಜಿಗೆ ಒಳ್ಳೆಯದು.

ಹಂತ 1: ತುಂಬುವ ನೀರು ಎಂಥದ್ದು ಅಂತ ತಿಳಿದುಕೊಳ್ಳಿ

ಟ್ಯಾಂಕನ್ನು ಅಳೆಯುವ ಮೊದಲು ನೀವು ತುಂಬುವ ನೀರನ್ನು ಅಳೆಯಿರಿ. ನಲ್ಲಿ ನೀರೋ, ಬೋರ್‌ವೆಲ್ ನೀರೋ, ಟ್ಯಾಂಕರ್ ನೀರೋ, ಯಾವುದಾದರೂ ಸರಿ. ನಲ್ಲಿಯಿಂದ ಆಗಷ್ಟೇ ಹಿಡಿದ ನೀರಿನ ಪಿಎಚ್ ನಂಬಬೇಡಿ. ಪೈಪಿನ ಒತ್ತಡದಲ್ಲಿ, ನೆಲದಾಳದಲ್ಲಿ ಇದ್ದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಕರಗಿರಬಹುದು. ಅದು ಕಾರ್ಬೊನಿಕ್ ಆಮ್ಲವಾಗಿ ಪಿಎಚ್ ಅನ್ನು ಕೆಳಗೆ ಎಳೆದಿರುತ್ತದೆ. ಬೋರ್‌ವೆಲ್ ನೀರಿನಲ್ಲಿ ಇದು ತುಂಬಾ ಸಾಮಾನ್ಯ.

ಹೀಗೆ ಮಾಡಿ. ಒಂದು ಬಕೆಟ್ ನೀರು ಹಿಡಿದು ತಕ್ಷಣ ಪಿಎಚ್ ಮತ್ತು ಕೆಎಚ್ ಬರೆದುಕೊಳ್ಳಿ. ಅದಕ್ಕೆ ಏರ್ ಸ್ಟೋನ್ ಹಾಕಿ ಒಂದು ಇಡೀ ದಿನ ಗುಳ್ಳೆ ಬಿಡಿ. 24 ಗಂಟೆಯ ನಂತರ ಮತ್ತೆ ಅಳೆಯಿರಿ. ಎರಡನೇ ಪಿಎಚ್ಚೇ ನಿಮ್ಮ ನೀರಿನ ನಿಜವಾದ ಪಿಎಚ್. ಕೆಎಚ್ ಮಾತ್ರ ಎರಡೂ ಸಲ ಹೆಚ್ಚು ಕಡಿಮೆ ಒಂದೇ ಇರುತ್ತದೆ.

ನೀರಿನ ಮೂಲ ಬದಲಾದರೆ ಇದನ್ನು ಮತ್ತೆ ಮಾಡಬೇಕು. ಮಳೆಗಾಲದಲ್ಲಿ ಒಂಥರಾ, ಬೇಸಿಗೆಯಲ್ಲಿ ಒಂಥರಾ ನೀರು ಬರುವ ಜಾಗಗಳಿವೆ. ಇದೇ ಸಮಯದಲ್ಲಿ ಕ್ಲೋರಿನ್ ವಾಸನೆ ಬಂದರೆ ಡೀಕ್ಲೋರಿನೇಟರ್, ಅಂದರೆ ಕ್ಲೋರಿನ್ ತೆಗೆಯುವ ದ್ರಾವಣ, ಬೇಕೇ ಬೇಕು ಅಂತಲೂ ಗೊತ್ತಾಗುತ್ತದೆ. ಬಕೆಟ್‌ನಲ್ಲಿ ಒಂದು ದಿನ ಇಟ್ಟರೆ ಕ್ಲೋರಿನ್ ಹೋಗುತ್ತದೆ, ಆದರೆ ಕ್ಲೋರಮಿನ್ (ಕ್ಲೋರಿನ್, ಅಮೋನಿಯಾ ಸೇರಿದ್ದು) ಹಾಕಿದ ನೀರಾದರೆ ಅದು ಹಾಗೆ ಸುಲಭವಾಗಿ ಹೋಗುವುದಿಲ್ಲ.

ಹಂತ 2: ಅಳೆಯುವುದನ್ನು ಸರಿಯಾಗಿ ಅಳೆಯಿರಿ

ಹನಿ ಬಿಡುವ ಕಿಟ್‌ಗಳಲ್ಲಿ ಒಂದು ಬಲೆ ಇದೆ, ತುಂಬಾ ಜನ ಇದಕ್ಕೆ ಬೀಳುತ್ತಾರೆ. ಸಾಮಾನ್ಯ ಕಿಟ್‌ನಲ್ಲಿರುವ ಬ್ರೋಮೋಥೈಮಾಲ್ ಬ್ಲೂ ಅನ್ನುವ ಬಣ್ಣ 6.0ರಿಂದ 7.6ರವರೆಗೆ ಮಾತ್ರ ಬದಲಾಗುತ್ತದೆ. ಪೂರ್ತಿ ಹಳದಿ ಬಂದರೆ ಅದು 6.0 ಇರಬಹುದು, 5.0 ಕೂಡ ಇರಬಹುದು. ಪೂರ್ತಿ ನೀಲಿ ಬಂದರೆ 7.6 ಇರಬಹುದು, 8.4 ಕೂಡ ಇರಬಹುದು. ಚಾರ್ಟ್‌ನ ಕೊನೆಯ ಬಣ್ಣ ಬಂದಾಗ ಅದನ್ನು ಅಂಕಿ ಅಂತ ತೆಗೆದುಕೊಳ್ಳಬೇಡಿ. ನೀಲಿ ಬಂದರೆ ಹೈ ರೇಂಜ್ ಪಿಎಚ್ ಕಿಟ್‌ನಲ್ಲಿ ಮತ್ತೆ ನೋಡಿ. ಹಳದಿ ಬಂದರೆ ಎಚ್ಚರ, ಕೂಡಲೇ ಕೆಎಚ್ ನೋಡಿ.

ಪಟ್ಟಿ, ಅಂದರೆ ಸ್ಟ್ರಿಪ್, ಅಂದಾಜಿಗೆ ಸರಿ. ತೇವ ತಾಗಿದರೆ ಕೆಡುತ್ತದೆ, ಡಬ್ಬಿ ಮುಚ್ಚಳ ಗಟ್ಟಿಯಾಗಿ ಮುಚ್ಚಿ.

ಪಿಎಚ್ ಪೆನ್, ಅಂದರೆ ಪಿಎಚ್ ಅಳೆಯುವ ಚಿಕ್ಕ ಮೀಟರ್, ತೆಗೆದುಕೊಂಡಿದ್ದರೆ ಅದನ್ನು ಕ್ಯಾಲಿಬ್ರೇಟ್ ಮಾಡಿ, ಅಂದರೆ ಪಿಎಚ್ ಗೊತ್ತಿರುವ ದ್ರಾವಣದಲ್ಲಿಟ್ಟು ಸರಿಪಡಿಸಿ. ಹಾಗೆ ಮಾಡದ ಪೆನ್ ತೋರಿಸುವ ಎರಡು ದಶಮಾಂಶಕ್ಕೆ ಯಾವ ಬೆಲೆಯೂ ಇಲ್ಲ. ಆ ದ್ರಾವಣ ಮಾಡಿಕೊಳ್ಳಲು ಬಫರ್ ಪುಡಿಗಳ ಪ್ಯಾಕೆಟ್ ಸಿಗುತ್ತವೆ, 4.01, 6.86, 9.18 ಅಂತ. ಮೊದಲು 6.86ರಲ್ಲಿ ಸರಿಪಡಿಸಿ, ಆಮೇಲೆ ನಿಮ್ಮ ನೀರು ಆಮ್ಲದ ಕಡೆ ಇದ್ದರೆ 4.01, ಕ್ಷಾರದ ಕಡೆ ಇದ್ದರೆ 9.18ರಲ್ಲಿ ನೋಡಿ. ಪೆನ್ನಿನ ಗಾಜಿನ ತುದಿ ಒಣಗಬಾರದು, ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿಡಲೂಬಾರದು. ಅದಕ್ಕೆಂದೇ ಬರುವ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡಿ. ಇನ್ನೊಂದು ವಿಷಯ, ಶುದ್ಧ ಆರ್‌ಒ ನೀರಿನಲ್ಲಿ ಪೆನ್ ಅಂಕಿ ನಿಲ್ಲದೆ ಓಲಾಡುತ್ತದೆ. ಪೆನ್ ಹಾಳಾಗಿಲ್ಲ, ಆ ನೀರಿನಲ್ಲಿ ಲವಣವೇ ಇಲ್ಲ.

ಕೆಎಚ್ ಕಿಟ್ ಸುಲಭ. ಒಂದೊಂದೇ ಹನಿ ಬಿಟ್ಟು ಅಲ್ಲಾಡಿಸಿ, ನೀಲಿ ಹೋಗಿ ಹಳದಿಗೆ ತಿರುಗಿದಾಗ ಎಷ್ಟು ಹನಿ ಆಯಿತು ಅಂತ ಎಣಿಸಿ. ಹೆಚ್ಚಿನ ಕಿಟ್‌ಗಳಲ್ಲಿ ಒಂದು ಹನಿ ಅಂದರೆ ಒಂದು ಡಿಗ್ರಿ. ಕೆಎಚ್ ತುಂಬಾ ಕಡಿಮೆ ಇದ್ದರೆ ನೀರನ್ನು ಎರಡು ಪಟ್ಟು ತೆಗೆದುಕೊಂಡು ಹನಿಗಳನ್ನು ಅರ್ಧ ಡಿಗ್ರಿ ಅಂತ ಎಣಿಸಿದರೆ ಇನ್ನೂ ನಿಖರ.

ಅಳೆಯುವ ಹೊತ್ತು ಕೂಡ ಮುಖ್ಯ. ಗಿಡಗಳು ಬೆಳಕಿನಲ್ಲಿ ಕಾರ್ಬನ್ ಡೈಆಕ್ಸೈಡ್ ಬಳಸುವುದರಿಂದ ಸಂಜೆ ಹೊತ್ತಿಗೆ ಪಿಎಚ್ ಜಾಸ್ತಿ, ಬೆಳಗಿನ ಜಾವ ಕಡಿಮೆ. ಒಂದು ದಿನ ಬೆಳಿಗ್ಗೆ, ಇನ್ನೊಂದು ದಿನ ಸಂಜೆ ಅಳೆದು ನೀರು ಏರಿಳಿಯುತ್ತಿದೆ ಅಂತ ಚಿಂತೆ ಮಾಡಬೇಡಿ. ಯಾವಾಗಲೂ ಒಂದೇ ಹೊತ್ತಿಗೆ ಅಳೆದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಹಂತ 3: ನಿಜವಾಗಿ ಬದಲಾಯಿಸಲೇಬೇಕಾ?

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ನೀರನ್ನು ಮೀನಿಗೆ ತಕ್ಕಂತೆ ಬದಲಾಯಿಸುವುದಕ್ಕಿಂತ ನೀರಿಗೆ ತಕ್ಕ ಮೀನು ತರುವುದು ಸಾವಿರ ಪಾಲು ವಾಸಿ. ಮೊದಲ ಟ್ಯಾಂಕ್ ಆದರೆ ಬೇರೆ ಯೋಚನೆಯೇ ಬೇಡ.

ನಿಮ್ಮ ನೀರು ಗಡಸು, ಪಿಎಚ್ 7.5ರಿಂದ 8.2, ಕೆಎಚ್ 8ರ ಮೇಲೆ ಇದೆ ಅಂದುಕೊಳ್ಳಿ. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್‌ಗಳಿಗೆ ಇದು ಹೇಳಿ ಮಾಡಿಸಿದ ನೀರು. ಗೋಲ್ಡ್‌ಫಿಶ್ ಕೂಡ ಸುಖವಾಗಿರುತ್ತದೆ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳು 7.8ರಿಂದ 8.6ರ ನೀರಿನಲ್ಲೇ ಹುಟ್ಟಿ ಬೆಳೆದವು, ತಾಂಗನ್ಯೀಕ ಸರೋವರದವಕ್ಕೆ ಅದಕ್ಕಿಂತ ಜಾಸ್ತಿಯೂ ಆಗುತ್ತದೆ. ನೀರು ಮೆದು, ಪಿಎಚ್ 7ರ ಕೆಳಗೆ ಇದ್ದರೆ ನಿಯಾನ್ ಟೆಟ್ರಾ, ಕಾರ್ಡಿನಲ್ ಟೆಟ್ರಾ, ರಸ್‌ಬೋರಾ, ಬೆಟ್ಟಾ, ಏಂಜೆಲ್ ಮೀನುಗಳಿಗೆ ಒಳ್ಳೆಯದು.

ನಡುವೆ ಒಂದು ದೊಡ್ಡ ಗುಂಪಿದೆ. ಫಾರ್ಮ್‌ಗಳಲ್ಲಿ ಎಷ್ಟೋ ತಲೆಮಾರಿನಿಂದ ಸಾಕಿದ ಏಂಜೆಲ್, ಬೆಟ್ಟಾ, ಕೋರಿಡೊರಾಸ್, ಬಾರ್ಬ್, ಡೇನಿಯೋ ಇವೆಲ್ಲ 6.5ರಿಂದ 7.8ರೊಳಗೆ ಎಲ್ಲಿದ್ದರೂ ಬದುಕುತ್ತವೆ, ನೀರು ಸ್ಥಿರವಾಗಿದ್ದರೆ ಸಾಕು. ಇವುಗಳ ಸಲುವಾಗಿ ಬಾಟಲಿ ಹಿಡಿದು ಕೂರುವ ಅಗತ್ಯವೇ ಇಲ್ಲ.

ನೀರು ಬದಲಾಯಿಸಲೇಬೇಕಾದ ಸಂದರ್ಭಗಳು ಇಷ್ಟೇ: ಕಾಡಿನ ನದಿಯಿಂದ ಹಿಡಿದು ತಂದ ಸೂಕ್ಷ್ಮ ಮೀನು, ಡಿಸ್ಕಸ್‌ನಂಥವನ್ನು ಮರಿ ಮಾಡಿಸುವ ಆಸೆ, ಕ್ಯಾರಿಡಿನಾ ಜಾತಿಯ ಸಿಗಡಿ, ಇಲ್ಲವೇ ಕೆಎಚ್ ತೀರಾ ಕಡಿಮೆ ಇದ್ದು ನೀರು ನಿಲ್ಲದೇ ಇರುವುದು. ಕೊನೆಯದ್ದೇ ಹೆಚ್ಚು ಜನರ ಸಮಸ್ಯೆ.

ಹಂತ 4: ಟ್ಯಾಂಕಿನೊಳಗೆ ಏನಿದೆ ನೋಡಿ

ನೀರು ತುಂಬುವಾಗ 7.2 ಇದ್ದದ್ದು ಟ್ಯಾಂಕಿನಲ್ಲಿ 8.2 ಆಗುತ್ತಿದೆ ಅಂದರೆ ಬಾಟಲಿ ಹುಡುಕುವ ಮೊದಲು ಕಲ್ಲುಗಳನ್ನು ನೋಡಿ. ಸುಣ್ಣದ ಕಲ್ಲು, ಅಮೃತಶಿಲೆ, ಹವಳದ ತುಂಡು, ಸಮುದ್ರದ ಚಿಪ್ಪು, ಸಮುದ್ರದ ಮರಳು, ಅಲಂಕಾರಕ್ಕೆ ಬಳಸುವ ಬಿಳಿ ಗೆರೆಯ ಬೂದು ಸೇರ್ಯು ಕಲ್ಲು ಇವೆಲ್ಲ ನಿಧಾನವಾಗಿ ಕರಗಿ ಕೆಎಚ್, ಪಿಎಚ್ ಎರಡನ್ನೂ ಏರಿಸುತ್ತವೆ. ಗ್ರಾನೈಟ್, ಬೆಣಚು ಕಲ್ಲು, ಸ್ಲೇಟ್, ಲಾವಾ ಕಲ್ಲುಗಳಿಂದ ತೊಂದರೆ ಇಲ್ಲ.

ಗೊತ್ತಿಲ್ಲದ ಕಲ್ಲಿನ ಮೇಲೆ ವಿನೆಗರ್ ಹನಿಸಿ ನೋಡಬಹುದು, ನೊರೆ ಬಂದರೆ ಅದರಲ್ಲಿ ಸುಣ್ಣವಿದೆ. ಆದರೆ ವಿನೆಗರ್ ದುರ್ಬಲ ಆಮ್ಲ, ಸುಣ್ಣ ಕಡಿಮೆ ಇರುವ ಕಲ್ಲಿನಲ್ಲಿ ನೊರೆ ಕಾಣದೆ ಹೋಗಬಹುದು. ನನಗೆ ನಂಬಿಕೆ ಇರುವುದು ಬಕೆಟ್ ಪರೀಕ್ಷೆಯಲ್ಲಿ. ಕಲ್ಲನ್ನು ಆರ್‌ಒ ನೀರಿನಲ್ಲಿ ಒಂದು ವಾರ ಮುಳುಗಿಸಿಟ್ಟು ಕೆಎಚ್ ಅಳೆಯಿರಿ. ಏರಿದ್ದರೆ ಉತ್ತರ ಸಿಕ್ಕಿತು ಅಲ್ವಾ.

ಇದಕ್ಕೆ ತದ್ವಿರುದ್ಧವಾದದ್ದು ಗಿಡದ ಟ್ಯಾಂಕ್‌ಗೆ ಹಾಕುವ ಆಕ್ಟಿವ್ ಸಾಯಿಲ್. ಅದು ಕೆಎಚ್ ಹೀರಿಕೊಂಡು ಪಿಎಚ್ ಅನ್ನು 6ರಿಂದ 6.8ರ ಸುಮಾರಿಗೆ ತರುತ್ತದೆ. ಗಡಸು ನೀರು ಹಾಕುತ್ತಲೇ ಇದ್ದರೆ ಅದರ ಶಕ್ತಿ ಬೇಗ ಮುಗಿಯುತ್ತದೆ, ಆಮೇಲೆ ಪಿಎಚ್ ಮೆಲ್ಲಗೆ ಏರತೊಡಗುತ್ತದೆ. ಈ ಮಣ್ಣು ಹಾಕಿದ ಟ್ಯಾಂಕಿನಲ್ಲಿ ಅಡುಗೆ ಸೋಡಾ ಹಾಕಿ ಕೆಎಚ್ ಏರಿಸಲು ಹೋಗಬೇಡಿ, ಮಣ್ಣು ಅದನ್ನು ನುಂಗುತ್ತದೆ, ನೀವು ಹಾಕುತ್ತೀರಿ, ಎರಡೂ ದಂಡ. ಹೊಸ ಮಣ್ಣಿನಿಂದ ಮೊದಲ ವಾರಗಳಲ್ಲಿ ಅಮೋನಿಯಾ ಕೂಡ ಬರುತ್ತದೆ, ಮೀನು ಬಿಡುವ ಅವಸರ ಬೇಡ.

ಹಂತ 5: ಏರಿಸಬೇಕಾದರೆ

ಕೆಎಚ್ 2 ಅಥವಾ ಅದಕ್ಕಿಂತ ಕಡಿಮೆ ಇದ್ದು, ಪಿಎಚ್ ಇಳಿಯುತ್ತಲೇ ಇದ್ದರೆ ಏರಿಸಬೇಕು. ಸಾಮಾನ್ಯ ಮಿಶ್ರ ಟ್ಯಾಂಕ್‌ಗೆ ಕೆಎಚ್ 4ರ ಸುತ್ತಮುತ್ತ ಇದ್ದರೆ ನೆಮ್ಮದಿ.

ನಿಧಾನದ ದಾರಿ ಹವಳದ ಚೂರು. ಒಂದು ಬಲೆ ಚೀಲದಲ್ಲಿ ಒಂದು ಹಿಡಿ ತೊಳೆದ ಹವಳದ ಚೂರು ಹಾಕಿ ಫಿಲ್ಟರ್‌ನಲ್ಲಿ, ನೀರು ಹರಿಯುವ ಜಾಗದಲ್ಲಿ ಇಡಿ. ಇದರ ಸೊಗಸು ಏನೆಂದರೆ ನೀರು ಆಮ್ಲೀಯವಾದಷ್ಟೂ ಇದು ಬೇಗ ಕರಗುತ್ತದೆ, ಪಿಎಚ್ ಏರಿದ ಹಾಗೆ ಕರಗುವುದು ತಾನೇ ಕಡಿಮೆಯಾಗುತ್ತದೆ. ಅಳತೆ ತಪ್ಪಿ ಜಾಸ್ತಿ ಹಾಕಿದರೂ ಅನಾಹುತ ಆಗುವುದು ಅಪರೂಪ. ಒಂದು ಹಿಡಿಯಿಂದ ಶುರು ಮಾಡಿ, ಎರಡು ವಾರ ಕೆಎಚ್ ನೋಡಿ, ಸಾಲದಿದ್ದರೆ ಇನ್ನೊಂದಿಷ್ಟು. ಕೆಲವು ತಿಂಗಳಿಗೊಮ್ಮೆ ಚೀಲ ತೊಳೆಯಿರಿ, ಚೂರುಗಳ ಮೇಲೆ ಲೋಳೆ ಕಟ್ಟಿದರೆ ಕರಗುವುದು ನಿಲ್ಲುತ್ತದೆ. ಹೆಚ್ಚಿನವರಿಗೆ ಇಷ್ಟೇ ಸಾಕು, ನಾನು ಮೊದಲು ಹೇಳುವುದೂ ಇದನ್ನೇ.

ಬೇಗ ಆಗಬೇಕಾದರೆ ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್. ಬೇಕಿಂಗ್ ಪೌಡರ್ ಅಲ್ಲ, ಬಟ್ಟೆ ಒಗೆಯುವ ಸೋಡಾ ಅಂತೂ ಅಲ್ಲವೇ ಅಲ್ಲ. ಲೆಕ್ಕ ಸರಳ: 100 ಲೀಟರ್ ನೀರಿಗೆ 3 ಗ್ರಾಂ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ.

ಇಲ್ಲಿ ಟ್ಯಾಂಕಿನ ನಿಜವಾದ ನೀರಿನ ಪ್ರಮಾಣ ಗೊತ್ತಿರಬೇಕು. ಉದ್ದ, ಅಗಲ, ನೀರಿನ ಎತ್ತರ ಮೂರನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿ 1000ದಿಂದ ಭಾಗಿಸಿ. 60, 30, 36 ಸೆಂಟಿಮೀಟರ್ ಆದರೆ ಸುಮಾರು 65 ಲೀಟರ್. ಮರಳು, ಕಲ್ಲಿಗೆ 10ರಿಂದ 15 ಶೇಕಡ ಕಳೆಯಿರಿ, 56 ಲೀಟರ್ ಅಂತಿಟ್ಟುಕೊಳ್ಳಿ. ಇದರಲ್ಲಿ ಕೆಎಚ್ 2ರಿಂದ 4ಕ್ಕೆ ಬರಬೇಕಾದರೆ 3.4 ಗ್ರಾಂ ಬೇಕು. ಒಂದು ಸಮತಟ್ಟು ಟೀ ಚಮಚದಲ್ಲಿ ಸುಮಾರು 5 ಗ್ರಾಂ ಹಿಡಿಯುತ್ತದೆ, ಅಂದರೆ ಮುಕ್ಕಾಲು ಚಮಚಕ್ಕಿಂತ ಸ್ವಲ್ಪ ಕಡಿಮೆ. ಚಿಕ್ಕ ತೂಕದ ಯಂತ್ರ ಇದ್ದರೆ ಅದನ್ನೇ ಬಳಸಿ.

ಅಷ್ಟನ್ನೂ ಒಂದೇ ಸಲ ಹಾಕಬೇಡಿ. ನಾಲ್ಕು ಪಾಲು ಮಾಡಿ, ದಿನಕ್ಕೊಂದು ಪಾಲನ್ನು ಒಂದು ಮಗ್ ಟ್ಯಾಂಕ್ ನೀರಿನಲ್ಲಿ ಪೂರ್ತಿ ಕರಗಿಸಿ, ಫಿಲ್ಟರ್ ನೀರು ಬೀಳುವ ಕಡೆ ನಿಧಾನವಾಗಿ ಹನಿಸಿ. ದಿನಕ್ಕೆ ಪಿಎಚ್ 0.2ರಿಂದ 0.3ಕ್ಕಿಂತ ಜಾಸ್ತಿ ಬದಲಾಗದಂತೆ ನೋಡಿಕೊಳ್ಳಿ. ಆಮೇಲೆ ನೀರು ಬದಲಾಯಿಸುವಾಗ ಹೊಸ ನೀರಿಗೂ ಅದೇ ಲೆಕ್ಕದಲ್ಲಿ ಸೋಡಾ ಹಾಕಿ ಬಕೆಟ್‌ನಲ್ಲೇ ಸರಿಮಾಡಿಕೊಂಡು ತುಂಬಬೇಕು, ಇಲ್ಲದಿದ್ದರೆ ವಾರವಾರ ಏರಿಳಿತ ಶುರುವಾಗುತ್ತದೆ. ವರ್ಷಗಟ್ಟಲೆ ಸೋಡಾ ಮೇಲೆಯೇ ನಿಂತರೆ ಸೋಡಿಯಂ ಸೇರುತ್ತಾ ಹೋಗುತ್ತದೆ, ಗಿಡಗಳಿಗೆ ಅದು ಇಷ್ಟವಿಲ್ಲ. ಸೋಡಾ ತುರ್ತಿಗೆ, ಹವಳ ನಿತ್ಯಕ್ಕೆ.

ಇನ್ನೊಂದು ಸುಲಭದ ವಿಷಯ ಬಹಳ ಜನ ಮರೆಯುತ್ತಾರೆ. ಮೀನು ತುಂಬಿಕೊಂಡು, ನೀರಿನ ಮೇಲ್ಮೈ ಅಲುಗಾಡದೆ ನಿಂತಿದ್ದರೆ ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿದು ಪಿಎಚ್ ಇಳಿದಿರುತ್ತದೆ. ಏರ್ ಪಂಪ್ ಹಾಕಿದರೆ ಅದೊಂದರಿಂದಲೇ ಪಿಎಚ್ ಸರಿಹೋಗಬಹುದು. ಕೆಎಚ್ ಚೆನ್ನಾಗಿದ್ದೂ ಪಿಎಚ್ ಕಡಿಮೆ ಬರುತ್ತಿದ್ದರೆ ಮೊದಲು ಇದನ್ನೇ ಮಾಡಿ.

ಹಂತ 6: ಇಳಿಸಬೇಕಾದರೆ

ಇಳಿಸುವುದು ಏರಿಸುವುದಕ್ಕಿಂತ ಕಷ್ಟ. ಕೆಎಚ್ ಜಾಸ್ತಿ ಇರುವ ನೀರಿಗೆ ಆಮ್ಲ ಸುರಿದರೆ ಕೆಎಚ್ ಅದನ್ನು ನುಂಗಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಆ ಕ್ಷಣಕ್ಕೆ ಪಿಎಚ್ ಬೀಳುತ್ತದೆ, ಅನಿಲ ಗಾಳಿಗೆ ಹೋದ ಮೇಲೆ ಮತ್ತೆ ಏರುತ್ತದೆ. ಶುರುವಿನಲ್ಲಿ ಹೇಳಿದ ಬಾಟಲಿ ಆಟ ನಡೆಯುವುದು ಹೀಗೆ. ಹಾಕುತ್ತಲೇ ಹೋದರೆ ಒಂದು ದಿನ ಕೆಎಚ್ ಪೂರ್ತಿ ಮುಗಿದು ಪಿಎಚ್ ಪಾತಾಳಕ್ಕೆ ಇಳಿಯುತ್ತದೆ. ಕೆಲವು ಬಾಟಲಿಗಳಲ್ಲಿ ಫಾಸ್ಫೇಟ್ ಇರುತ್ತದೆ, ಅದು ಪಾಚಿಗೆ ಊಟ. ನಿಂಬೆರಸ, ವಿನೆಗರ್ ಹಾಕುವ ಸಲಹೆ ಕೇಳಿದ್ದರೆ ದಯವಿಟ್ಟು ಮರೆತುಬಿಡಿ. ಅವು ಕೊಳೆತು ಬ್ಯಾಕ್ಟೀರಿಯಾ ಹೆಚ್ಚಿಸುತ್ತವೆ, ನೀರು ಮಬ್ಬಾಗುತ್ತದೆ, ಆಮ್ಲಜನಕ ಕಡಿಮೆಯಾಗುತ್ತದೆ.

ಸರಿಯಾದ ದಾರಿ ಕೆಎಚ್ ಅನ್ನೇ ಕಡಿಮೆ ಮಾಡುವುದು. ಅದಕ್ಕೆ ಆರ್‌ಒ ನೀರು ಅಥವಾ ಶುದ್ಧವಾಗಿ ಹಿಡಿದ ಮಳೆನೀರು ಬೆರೆಸಬೇಕು. ಕೆಎಚ್ ಲೆಕ್ಕ ನೇರವಾಗಿದೆ: ನಲ್ಲಿ ನೀರಿನ ಕೆಎಚ್ 12 ಇದ್ದು ನಿಮಗೆ 4 ಬೇಕಾದರೆ ಒಂದು ಪಾಲು ನಲ್ಲಿ ನೀರು, ಎರಡು ಪಾಲು ಆರ್‌ಒ ನೀರು.

ಪಿಎಚ್ ಮಾತ್ರ ಹೀಗೆ ನೇರವಾಗಿ ಇಳಿಯುವುದಿಲ್ಲ, ಇಲ್ಲೇ ಜನ ನಿರಾಶರಾಗುವುದು. ಕಾರ್ಬನ್ ಡೈಆಕ್ಸೈಡ್ ಲೀಟರಿಗೆ 3 ಮಿಲಿಗ್ರಾಂ ಇದೆ ಅಂತಿಟ್ಟುಕೊಂಡರೆ ಕೆಎಚ್ 12 ಇದ್ದಾಗ ಪಿಎಚ್ ಸುಮಾರು 8.1, ಕೆಎಚ್ 4 ಇದ್ದಾಗ 7.6, ಕೆಎಚ್ 1 ಇದ್ದಾಗ 7.0. ಕೆಎಚ್ ಅರ್ಧ ಮಾಡಿದರೆ ಪಿಎಚ್ ಇಳಿಯುವುದು 0.3 ಮಾತ್ರ. ಇಷ್ಟೆಲ್ಲ ಆರ್‌ಒ ನೀರು ಹಾಕಿದರೂ ಪಿಎಚ್ 7.6ರಲ್ಲೇ ಇದೆಯಲ್ಲ ಅಂತ ಕೈಚೆಲ್ಲಬೇಡಿ, ನೀರು ಮೆದುವಾಗಿದೆ, ಮೆದು ನೀರಿನ ಮೀನಿಗೆ ಬೇಕಿದ್ದದ್ದರ ಮುಖ್ಯ ಭಾಗ ಅದೇ.

ನೀರು ಮೆದುವಾದ ಮೇಲೆ ಡ್ರಿಫ್ಟ್‌ವುಡ್, ಒಣಗಿದ ಕಾಡುಬಾದಾಮಿ ಎಲೆ, ಪೀಟ್ (ಜೌಗು ನೆಲದಲ್ಲಿ ಅರೆ ಕೊಳೆತ ಸಸ್ಯಗಳು) ಇವು ಕೆಲಸ ಮಾಡುತ್ತವೆ. ಇವುಗಳಿಂದ ಬಿಡುವ ಟ್ಯಾನಿನ್, ಹ್ಯೂಮಿಕ್ ಆಮ್ಲಗಳು ಪಿಎಚ್ ಅನ್ನು ಮೆಲ್ಲಗೆ ಇಳಿಸುತ್ತವೆ. ಅಮೆಜಾನ್‌ನ ಉಪನದಿ ರಿಯೊ ನೀಗ್ರೊ ಕಪ್ಪು ಚಹಾ ಬಣ್ಣದಲ್ಲಿ ಹರಿಯುವುದು ಇಂಥದ್ದೇ ಕಾರಣಕ್ಕೆ, ಕಾರ್ಡಿನಲ್ ಟೆಟ್ರಾಗಳ ತವರು ಅದು. ಎಲೆಯನ್ನು ಚೆನ್ನಾಗಿ ತೊಳೆದು 50 ಲೀಟರ್‌ಗೆ ಒಂದರಂತೆ ಹಾಕಿ ನೋಡಿ, ಕರಗಿ ಚಿಂದಿಯಾದಾಗ ಹೊಸದು ಹಾಕಿ. ಮರದ ತುಂಡನ್ನು ಮೊದಲು ಕುದಿಸಿ ಅಥವಾ ವಾರಗಟ್ಟಲೆ ನೆನೆಸಿ. ಕೆಎಚ್ 8, 10 ಇರುವ ನೀರಿಗೆ ಇವನ್ನು ಹಾಕಿದರೆ ನೀರಿಗೆ ಬಣ್ಣ ಬರುತ್ತದೆ ಅಷ್ಟೇ, ಪಿಎಚ್ ಅಲ್ಲಾಡುವುದಿಲ್ಲ. ಫಿಲ್ಟರ್‌ನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇದ್ದರೆ ಅದು ಟ್ಯಾನಿನ್ ಎಲ್ಲಾ ಹೀರುತ್ತದೆ, ತೆಗೆದಿಡಿ.

ಎರಡು ಎಚ್ಚರಿಕೆ. ಪೂರ್ತಿ ಆರ್‌ಒ ನೀರಿನಲ್ಲೇ ಟ್ಯಾಂಕ್ ನಡೆಸಬೇಡಿ, ಅದರಲ್ಲಿ ಖನಿಜಗಳಿಲ್ಲ. ನಲ್ಲಿ ನೀರು ಬೆರೆಸಿ, ಇಲ್ಲವೇ ಜಿಎಚ್ ಕೊಡುವ ಮಿನರಲ್ ಪುಡಿ ಹಾಕಿ. ಇನ್ನು ಮನೆಗೆ ಹಾಕಿಸಿದ ಉಪ್ಪು ತುಂಬುವ ವಾಟರ್ ಸಾಫ್ಟ್‌ನರ್ ನೀರು ಮೆದು ನೀರು ಅಂತ ತಿಳಿಯಬೇಡಿ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಹಾಕುತ್ತದೆ, ಕೆಎಚ್ ಹಾಗೇ ಇರುತ್ತದೆ. ಮೀನಿಗೆ ಅದರಿಂದ ಲಾಭವಿಲ್ಲ.

ಗಿಡಗಳಿಗೆ ಸಿಲಿಂಡರ್‌ನಿಂದ ಕಾರ್ಬನ್ ಡೈಆಕ್ಸೈಡ್ ಕೊಡುವವರ ಟ್ಯಾಂಕಿನಲ್ಲಿ ಪಿಎಚ್ ಹಗಲಲ್ಲಿ ಒಂದು ಅಂಕಿಯವರೆಗೆ ಇಳಿದು ರಾತ್ರಿ ಏರುತ್ತದೆ. ನೀರಿನ ಲವಣಗಳು ಬದಲಾಗದೆ ಅನಿಲ ಮಾತ್ರ ಏರಿಳಿಯುವುದರಿಂದ ಮೀನುಗಳು ಇದನ್ನು ಸಹಿಸುತ್ತವೆ. ಅನಿಲದ ಅಂದಾಜು ಬೇಕಾದರೆ ಕೆಎಚ್ 4 ಇದ್ದು ಪಿಎಚ್ 6.6 ಇದ್ದರೆ ಲೀಟರಿಗೆ ಸುಮಾರು 30 ಮಿಲಿಗ್ರಾಂ, ಅದಕ್ಕಿಂತ ಜಾಸ್ತಿ ಬೇಡ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅಂಕಿ ನೋಡುತ್ತಾ ನಿಲ್ಲದೆ ಗ್ಯಾಸ್ ಬಂದ್ ಮಾಡಿ, ಗಾಳಿ ಬಿಡಿ.

ಪಿಎಚ್ ಒಮ್ಮೆಲೇ ಕುಸಿದರೆ

ತಿಂಗಳುಗಟ್ಟಲೆ ನೀರು ಬದಲಾಯಿಸದ, ಆವಿಯಾದಷ್ಟು ಮಾತ್ರ ತುಂಬುತ್ತಾ ಬಂದ ಹಳೆಯ ಟ್ಯಾಂಕ್‌ಗಳಲ್ಲಿ ಇದು ಆಗುತ್ತದೆ. ಕಿಟ್ ಅಚ್ಚ ಹಳದಿ ತೋರಿಸುತ್ತದೆ, ಕೆಎಚ್ ಮೊದಲ ಹನಿಗೇ ಹಳದಿ. ಮೀನುಗಳು ರೆಕ್ಕೆ ಮಡಚಿ ಮೂಲೆಯಲ್ಲಿ ನಿಂತಿರುತ್ತವೆ, ಕಿವಿರು ಬೇಗ ಬೇಗ ಆಡುತ್ತದೆ, ಮೈಮೇಲೆ ಲೋಳೆ ಜಾಸ್ತಿ. ಹೊಸ ಮೀನು ತಂದು ಬಿಟ್ಟರೆ ಸಾಯುತ್ತದೆ, ಹಳೆಯವು ಒಗ್ಗಿಕೊಂಡು ಹೇಗೋ ಬದುಕಿರುತ್ತವೆ.

ಇಲ್ಲಿ ಅರ್ಧ ಟ್ಯಾಂಕ್ ನೀರು ಒಮ್ಮೆಗೇ ಬದಲಾಯಿಸುವುದು ಮೀನನ್ನು ಕೊಲ್ಲುವ ದಾರಿ. ಕಾರಣ ಗೊತ್ತಿರಲಿ. ಪಿಎಚ್ 6.5ರ ಕೆಳಗೆ ಹೋದಂತೆ ಫಿಲ್ಟರ್ ಬ್ಯಾಕ್ಟೀರಿಯಾ ನಿಧಾನವಾಗುತ್ತವೆ, 6ರ ಹತ್ತಿರ ಬಹುತೇಕ ನಿಂತೇಹೋಗುತ್ತವೆ. ಅಮೋನಿಯಾ ಸೇರತೊಡಗುತ್ತದೆ, ಆದರೆ ಆಮ್ಲೀಯ ನೀರಿನಲ್ಲಿ ಅದು ಅಮೋನಿಯಂ ರೂಪದಲ್ಲಿರುತ್ತದೆ, ವಿಷ ಕಡಿಮೆ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ರೂಪ ಅರ್ಧ ಶೇಕಡದಷ್ಟು, 8 ಆದರೆ ಸುಮಾರು 5 ಶೇಕಡ. ಪಿಎಚ್ 6ರಿಂದ 8ಕ್ಕೆ ಹಾರಿಸಿದರೆ ವಿಷ ನೂರು ಪಟ್ಟಿನ ಹತ್ತಿರ ಏರುತ್ತದೆ. ನೀರು ಶುದ್ಧ ಮಾಡಿದೆವು ಅಂದುಕೊಂಡ ಒಂದು ಗಂಟೆಯಲ್ಲಿ ಮೀನು ಸತ್ತವು ಅಂತ ಹೇಳುವವರ ಕಥೆಯ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಮಾಡಬೇಕಾದದ್ದು ಈ ಕ್ರಮದಲ್ಲಿ:

1. ಅಮೋನಿಯಾ ಅಳೆಯಿರಿ. ಇದ್ದರೆ ಅಮೋನಿಯಾ ಕಟ್ಟಿಹಾಕುವ ಡೀಕ್ಲೋರಿನೇಟರ್ ಅನ್ನು ಬಾಟಲಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಹಾಕಿ.
2. ಆಹಾರ ಎರಡು ಮೂರು ದಿನ ನಿಲ್ಲಿಸಿ, ಏರ್ ಪಂಪ್ ಹಾಕಿ.
3. ದಿನಕ್ಕೆ ಹತ್ತು ಶೇಕಡ ನೀರು ಮಾತ್ರ ಬದಲಾಯಿಸಿ. ತಳದ ಕಸವನ್ನು ಆ ನೀರಿನ ಜೊತೆಗೇ ಸ್ವಲ್ಪ ಸ್ವಲ್ಪ ಎಳೆಯಿರಿ.
4. ಫಿಲ್ಟರ್ ಸ್ಪಂಜನ್ನು ತೆಗೆದ ಟ್ಯಾಂಕ್ ನೀರಿನಲ್ಲೇ ಹಿಂಡಿ, ನಲ್ಲಿ ಕೆಳಗೆ ತೊಳೆಯಬೇಡಿ.
5. ಕೆಎಚ್ ಒಂದೆರಡು ಡಿಗ್ರಿ ಬಂದ ಮೇಲೆ ಹವಳದ ಚೀಲ ಇಡಿ. ವಾರ, ಹತ್ತು ದಿನ ಹಿಡಿಯಲಿ, ಪರವಾಗಿಲ್ಲ.
6. ಬ್ಯಾಕ್ಟೀರಿಯಾ ಮತ್ತೆ ಚುರುಕಾಗುವವರೆಗೆ ದಿನವೂ ಅಮೋನಿಯಾ, ನೈಟ್ರೈಟ್ ನೋಡುತ್ತಿರಿ.

ಆಮೇಲೆ ವಾರಕ್ಕೊಮ್ಮೆ 20ರಿಂದ 25 ಶೇಕಡ ನೀರು ಬದಲಾಯಿಸುವ ಅಭ್ಯಾಸ ಇಟ್ಟುಕೊಂಡರೆ ಈ ಸ್ಥಿತಿ ಮತ್ತೆ ಬರುವುದಿಲ್ಲ. ನಲ್ಲಿ ನೀರಿನಲ್ಲಿ ಸಾಕಷ್ಟು ಕೆಎಚ್ ಇದ್ದರೆ ಪ್ರತಿ ಸಲದ ಹೊಸ ನೀರೇ ಖರ್ಚಾದದ್ದನ್ನು ತುಂಬಿಕೊಡುತ್ತದೆ, ಬೇರೆ ಏನೂ ಹಾಕಬೇಕಿಲ್ಲ.

ಹೊಸ ಮೀನು ಬಿಡುವಾಗ

ಅಂಗಡಿಯ ನೀರು, ನಿಮ್ಮ ನೀರು ಬೇರೆ ಬೇರೆ. ಹತ್ತಿರದಿಂದ ತಂದ ಮೀನಾದರೆ ಕವರನ್ನು 15 ನಿಮಿಷ ಟ್ಯಾಂಕಿನಲ್ಲಿ ತೇಲಿಬಿಟ್ಟು ಬಿಸಿ ಸಮ ಮಾಡಿ, ಮೀನನ್ನು ನೀರಿನ ಸಮೇತ ಡಬ್ಬಿಗೆ ಹಾಕಿ, ಏರ್ ಟ್ಯೂಬಿಗೆ ಗಂಟು ಹಾಕಿ ಟ್ಯಾಂಕ್ ನೀರು ಸೆಕೆಂಡಿಗೆ ಎರಡು ಮೂರು ಹನಿಯಂತೆ ಬೀಳುವ ಹಾಗೆ ಮಾಡಿ. ಡಬ್ಬಿ ನೀರು ಮೂರು ನಾಲ್ಕು ಪಟ್ಟಾದ ಮೇಲೆ ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ, ಆ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಸಿಗಡಿಗೆ ಇನ್ನೂ ನಿಧಾನ, ಒಂದೂವರೆ ಎರಡು ಗಂಟೆ.

ಕೊರಿಯರ್‌ನಲ್ಲಿ ಒಂದು ದಿನ, ಎರಡು ದಿನ ಪ್ರಯಾಣ ಮಾಡಿ ಬಂದ ಮೀನಿಗೆ ಈ ವಿಧಾನ ಬೇಡ. ಮುಚ್ಚಿದ ಕವರಿನಲ್ಲಿ ಮೀನು ಉಸಿರಾಡಿದ ಕಾರ್ಬನ್ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುತ್ತದೆ, ಜೊತೆಗೆ ಅಮೋನಿಯಾ ತುಂಬಿರುತ್ತದೆ. ಕವರ್ ಬಿಚ್ಚಿದ ಕೂಡಲೇ ಅನಿಲ ಹೊರಹೋಗಿ ಪಿಎಚ್ ಏರಲು ಶುರು, ಅಮೋನಿಯಾ ವಿಷವಾಗಲು ಶುರು. ಹನಿ ಹನಿ ಬಿಡುತ್ತಾ ಗಂಟೆಗಟ್ಟಲೆ ಕೂತರೆ ಮೀನು ಅದೇ ವಿಷದಲ್ಲಿ ಕೂತಿರುತ್ತದೆ. ಇಂಥ ಮೀನಿಗೆ ಕವರ್ ಮುಚ್ಚಿಯೇ ತೇಲಿಬಿಟ್ಟು ಬಿಸಿ ಸಮ ಮಾಡಿ, ಬಿಚ್ಚಿದ ತಕ್ಷಣ ಬಲೆಯಲ್ಲಿ ಎತ್ತಿ, ಮೊದಲೇ ಸಿದ್ಧ ಮಾಡಿಟ್ಟ ಕ್ವಾರಂಟೈನ್ ಟ್ಯಾಂಕಿಗೆ, ಅಂದರೆ ಹೊಸ ಮೀನನ್ನು ಕೆಲವು ದಿನ ಬೇರೆಯಾಗಿ ಇಡುವ ಟ್ಯಾಂಕಿಗೆ, ಬಿಡಿ. ಕಳಿಸುವವರನ್ನು ಮುಂಚೆಯೇ ಕೇಳಿ ಅವರ ನೀರಿನ ಪಿಎಚ್, ಕೆಎಚ್, ಟಿಡಿಎಸ್ (ಕರಗಿರುವ ಒಟ್ಟು ಲವಣಗಳ ಅಳತೆ) ತಿಳಿದುಕೊಂಡು, ಕ್ವಾರಂಟೈನ್ ನೀರನ್ನು ಅದಕ್ಕೆ ಹತ್ತಿರ ಮಾಡಿಟ್ಟರೆ ಮೀನಿಗೆ ತುಂಬಾ ಸಲೀಸು. ಅಲ್ಲಿಂದ ನಿಮ್ಮ ನೀರಿಗೆ ಎರಡು ಮೂರು ವಾರದಲ್ಲಿ, ಸಣ್ಣ ಸಣ್ಣ ನೀರು ಬದಲಾವಣೆಯಲ್ಲಿ ತರಬಹುದು.